ಶಿಳ್ಳೆಮಾವನ ತುಟಿ, ಸಮಿತಿಯ ನೀಲಿ ಬೆಂಚು

ಸಮಸ್ತ ನಾಗರಿಕರ ಗಮನಕ್ಕೆ! ಬಂದರು ಸಮಿತಿಯ ತುರ್ತುಸಭೆಯು ದೀರ್ಘ ಚರ್ಚೆ, ಎರಡು ಸುತ್ತು ಚಹಾ ಮತ್ತು ಒಂದು ಸಣ್ಣ ಜಗಳದ ನಂತರ ಈ ಐತಿಹಾಸಿಕ ತೀರ್ಮಾನ ಕೈಗೊಂಡಿದೆ. ದಂಡೆಯ ಮೇಲಿನ ಕಲ್ಲುಬೆಂಚುಗಳಿಗೆ ಕಡಲಿನ ಬಣ್ಣ ಬಳಿಯತಕ್ಕದ್ದು. ಕಡಲಿನ ಬಣ್ಣ ನೀಲಿ. ಫೋಟೋದಲ್ಲಿ ಬೆಂಚೂ ಕಡಲೂ ಒಂದೇ ಬಣ್ಣದಲ್ಲಿ ಬರಬೇಕಾದ್ದರಿಂದ, ಇವೆರಡರ ಬಣ್ಣ ಹೊಂದದ ದಿನ ದಂಡೆಯಲ್ಲಿ ಯಾವುದೇ ಸಾರ್ವಜನಿಕ ಸಮಾರಂಭ ನಡೆಸತಕ್ಕದ್ದಲ್ಲ. ಮೀರಿದವರ ಶಾಮಿಯಾನ ಜಪ್ತಿ ಮಾಡಲಾಗುವುದು.

ಧ್ವನಿವರ್ಧಕ ಕಟ್ಟಿದ ವ್ಯಾನೊಂದು ಇದನ್ನು ಊರೆಲ್ಲ ಕೂಗಿಕೊಂಡು ದಂಡೆಗೆ ಬಂತು. ಬಂದು ನೋಡಿದರೆ ಕಡಲು ಸಭೆಗೆ ಬಾರದ ಸದಸ್ಯನ ಹಾಗೆ ತನ್ನ ಪಾಡಿಗೆ ತಾನು ಬೇರೆ ಬಣ್ಣಕ್ಕೆ ತಿರುಗಿತ್ತು. ಮಳೆಗಾಲ ಮುಗಿದು, ಗಾಳಿ ಬಿದ್ದು, ಬಿಸಿಲು ಏರಿತ್ತು. ಬಂಡೆಗಳ ಸುತ್ತ ನೀರು ಇಟ್ಟಿಗೆ ಅದ್ದಿ ತೆಗೆದ ಬಕೆಟ್ಟಿನಂತೆ ಕೆಂಪಾಗಿತ್ತು. ಸಮಿತಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಸಮಿತಿಯ ಕಚೇರಿಗೆ ಕಿಟಕಿ ಇದೆ, ಆದರೆ ಅದು ಕಡಲಿನ ಕಡೆಗಿಲ್ಲ. ಅಧ್ಯಕ್ಷರ ಭಾವಮೈದುನನ ಹೋಟೆಲಿನ ಕಡೆಗಿದೆ.

ಬಂದರಿನ ಹಿಂದಿನ ಓಣಿಯಲ್ಲಿ ಒಂದು ಮನೆ. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ, ಪಕ್ಕದಲ್ಲಿ ಮೊಂಡು ಚಾಕು, ಗೋಡೆಯ ಬುಡದಲ್ಲಿ ಖಾಲಿ ಚಿಪ್ಪುಗಳ ರಾಶಿ. ಆ ಮನೆಯ ಸೊಸೆ ನೀರಿಳಿದ ಹೊತ್ತಿನಲ್ಲಿ ಬಂಡೆಗೆ ಅಂಟಿದ ಕಪ್ಪೆಚಿಪ್ಪುಗಳನ್ನು ಕೆತ್ತಿ ತಂದು, ತೊಳೆದು, ಮಾರುತ್ತಾಳೆ. ಗಂಡ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಮಾವನಿಗೆ ಊರಲ್ಲೆಲ್ಲ ಶಿಳ್ಳೆಮಾವ ಎಂದೇ ಹೆಸರು. ಕಟ್ಟೆಯ ತುದಿಯಲ್ಲಿ ನಿಂತು ದೋಣಿಗಳಿಗೆ ದಾರಿ ತೋರಿಸುವುದು ಅವನ ಕೆಲಸ. ನೀರೊಳಗಿನ ಬಂಡೆಗಳು ದೋಣಿಯವರಿಗೆ ಕಾಣುವುದಿಲ್ಲ, ಕಟ್ಟೆಯ ಮೇಲಿನವನಿಗೆ ಕಾಣುತ್ತವೆ. ಒಂದು ಉದ್ದ ಶಿಳ್ಳೆ ಬಂದರೆ ಎಡಕ್ಕೆ. ಎರಡು ಚಿಕ್ಕ ಶಿಳ್ಳೆ ಬಂದರೆ ಬಲಕ್ಕೆ. ಬೆರಳು ಬೇಡ, ಪೀಪಿ ಬೇಡ, ಬರೀ ತುಟಿ.

ಅವನ ಹೊಟ್ಟೆಯೂ ತುಟಿಯಷ್ಟೇ ಪ್ರಸಿದ್ಧ. ಕಲ್ಲು ತಿಂದರೂ ಕರಗಿಸುತ್ತೇನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಆ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವಳು ಬಾಟ್ಲಿಯಕ್ಕ. ಮೀನುಗಾರಿಕೆ ಪ್ರಯೋಗಾಲಯದಲ್ಲಿ ಕೆಲಸ. ಮಳೆ ಬರಲಿ, ಬಿಸಿಲಿರಲಿ, ವಾರ ತಪ್ಪದೆ ಕಟ್ಟೆಗೆ ಹೋಗಿ ಬಾಟ್ಲಿಯಲ್ಲಿ ಕಡಲ ನೀರು ತುಂಬಿಸಿಕೊಂಡು ಬರುತ್ತಾಳೆ. ಹೊಸದಾಗಿ ಬಂದಾಗ ಕೈಯಲ್ಲಿ ಬಾಟ್ಲಿ ನೋಡಿ ಓಣಿಯವರು ಏನೇನೋ ಅಂದುಕೊಂಡಿದ್ದರು. ಒಳಗಿರುವುದು ಉಪ್ಪುನೀರು ಎಂದು ಗೊತ್ತಾದಾಗ ಕೆಲವರಿಗೆ ನಿರಾಸೆಯೂ ಆಯಿತು.

ವ್ಯಾನು ಕೂಗಿ ಹೋದ ಸಂಜೆ ಬಾಟ್ಲಿಯಕ್ಕ ಮೆಟ್ಟಿಲಿಳಿದು ಬಂದವಳು ತೊಟ್ಟಿ ನೋಡಿ ನಿಂತುಬಿಟ್ಟಳು.

"ಏನಮ್ಮಾ ಇದು, ಇವತ್ತೂ ಬುಟ್ಟಿ ತುಂಬಿಸ್ಕೊಂಡು ಬಂದಿದೀಯಾ? ನೀರು ಕೆಂಪಗಿದೆ, ಚಿಪ್ಪು ಮುಟ್ಬೇಡ ಅಂತ ಬೆಳಿಗ್ಗೆ ತಾನೆ ಹೇಳಿದ್ನಲ್ಲ!"

"ಏನ್ ಮಾಡ್ಲಿ ಅಕ್ಕ? ಭಾನುವಾರ ಅದೇನೋ ಚಿಪ್ಪು ಮೇಳ ಅಂತೆ. ಅಧ್ಯಕ್ಷರು ಹೇಳಿ ಕಳಿಸಿದಾರೆ, ಎಷ್ಟಿದ್ರೂ ಬೇಕಂತೆ."

"ಯಾಕಂತೆ ಮೇಳ?"

ಉತ್ತರ ಹಿತ್ತಲ ಬಾಗಿಲಲ್ಲಿ ಕೂತಿದ್ದ ಶಿಳ್ಳೆಮಾವನಿಂದ ಬಂತು. "ಯಾಕೆ ಅಂದ್ರೆ, ನಿನ್ನಂಥೋರು ಕೆಂಪು ಕೆಂಪು ಅಂತ ಬೊಬ್ಬೆ ಹೊಡ್ದು ಹೋಟ್ಲಿಗೆ ಜನ ಬರೋದು ನಿಲ್ಲಿಸಿದೀರಲ್ಲ, ಅದಕ್ಕೆ. ನಮ್ಮ ಕಡಲು ಚೊಕ್ಕ ಅಂತ ತೋರಿಸ್ಬೇಕಂತೆ. ವೇದಿಕೆ ಮೇಲೆ ಮೊದಲ ತುತ್ತು ನಂದು! ನಾನು ತಿಂದು ಒಂದು ಶಿಳ್ಳೆ ಹೊಡೀಬೇಕು. ಆ ಶಿಳ್ಳೆ ಕೇಳಿದ ಕೂಡ್ಲೆ ಶಾಲೆ ಮಕ್ಕಳೆಲ್ಲ ತಟ್ಟೆಗೆ ಕೈ ಹಾಕೋದು. ಮಕ್ಕಳಿಗೆ ಪುಕ್ಕಟೆ."

ಬಾಟ್ಲಿಯಕ್ಕನ ಮುಖವೂ ಕಡಲಿನ ಬಣ್ಣಕ್ಕೆ ತಿರುಗಿತು. "ಮಕ್ಕಳಿಗಾ? ಅವರಿಗೆ ಮಾನ ಮರ್ಯಾದೆ ಏನಾದ್ರೂ ಇದೆಯಾ?"

"ಸುಮ್ನಿರಮ್ಮ. ಕಡಲು ಕೆಂಪಾಗೋದು ನಾನು ನೋಡಿಲ್ವಾ? ಅದು ಮಳೆ ಮಣ್ಣು."

"ಮಳೆ ನಿಂತು ಎಷ್ಟು ದಿನ ಆಯ್ತು ಮಾವ? ಮಣ್ಣಾಗಿದ್ರೆ ಇಷ್ಟರಲ್ಲಿ ತಳ ಸೇರಿರೋದು. ಇದು ಮಣ್ಣಲ್ಲ, ಜೀವ. ಬನ್ನಿ ಇಲ್ಲಿ."

ಅವಳು ಮಹಡಿಯಿಂದ ಸೂಕ್ಷ್ಮದರ್ಶಕ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಗಾಜಿನ ಚೂರಿನ ಮೇಲೆ ಕೆಂಪು ನೀರಿನ ಒಂದು ಹನಿ ಬಿಟ್ಟಳು. ಶಿಳ್ಳೆಮಾವ ಮೂಗು ಮುರಿಯುತ್ತಲೇ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟ.

"ಅಯ್ಯಯ್ಯೋ! ಏನೇ ಇದು? ಬಾಲ ಆಡಿಸ್ಕೊಂಡು ಬುಗುರಿ ಥರ ಗಿರಗಿರ ತಿರುಗ್ತಾ ಇದಾವೆ!"

"ಅದೇ ನೋಡಿ. ಕಡಲ ನೀರಲ್ಲಿ ಕಣ್ಣಿಗೆ ಕಾಣದ ಗಿಡದಂಥ ಜೀವಿಗಳಿರ್ತವೆ. ಬೇರಿಲ್ಲ, ಎಲೆ ಇಲ್ಲ. ಬಿಸಿಲು ಕುಡ್ಕೊಂಡು ತೇಲ್ತಾ ಇರ್ತವೆ. ಸಸ್ಯಪ್ಲವಕ ಅಂತಾರೆ."

"ಹೆಸರು ಕೇಳಿದ್ರೇ ಲಕ್ವ ಹೊಡೆದ ಹಾಗಿದೆ."

"ಎಲ್ಲಾ ಕೆಟ್ಟವಲ್ಲ ಮಾವ. ಕಡಲಲ್ಲಿ ಮೀನಿಗೆ ಊಟ ಅಂತ ಇದ್ರೆ ಅದು ಇವುಗಳಿಂದ್ಲೇ. ನಾವು ಎಳ್ಕೊಳ್ಳೋ ಉಸಿರಲ್ಲೂ ದೊಡ್ಡ ಪಾಲು ಇವುಗಳದ್ದೇ. ಆದ್ರೆ ವರ್ಷವಿಡೀ ಒಂದೇ ಜಾತಿ ಇರಲ್ಲ. ನಿಮ್ಮ ಮಹಡಿಯ ಬಾಡಿಗೆದಾರರ ಹಾಗೆ ಬದಲಾಗ್ತಾ ಇರ್ತವೆ. ಮಳೆಗಾಲದಲ್ಲಿ ಹೊಳೆ ನೀರು ಗೊಬ್ಬರ ಹೊತ್ತು ತರುತ್ತೆ, ಗಾಳಿ ಕಡಲನ್ನ ಕಡೆದು ತಳದ ಸತ್ವ ಮೇಲೆ ತರುತ್ತೆ. ಆಗ ಗಾಜಿನ ಡಬ್ಬಿಯೊಳಗೆ ಕೂತಂಥ ಒಂದು ಜಾತಿ ತುಂಬ್ಕೊಳ್ಳುತ್ತೆ. ಅದನ್ನ ತಿನ್ನೋಕೆ ಮರಿಮೀನು ಬರುತ್ತೆ. ಮಳೆ ನಿಂತು, ನೀರು ಬಿಸಿಯಾಗಿ, ಅಲ್ಲಾಡದೆ ನಿಂತಾಗ ಗಾಜಿನೋರು ಮನೆ ಖಾಲಿ ಮಾಡ್ತಾರೆ, ಈ ಬಾಲದೋರು ಬರ್ತಾರೆ. ಇವರಿಗೆ ಈಜೋಕೆ ಬರುತ್ತೆ. ಹಗಲು ಮೇಲೆ ಬಂದು ಬಿಸಿಲು, ಆಮೇಲೆ ಕೆಳಗಿಳಿದು ಗೊಬ್ಬರ. ಇವರಲ್ಲಿ ಕೆಲವು ಜಾತಿ ವಿಷದವು. ಕೊನೆಗೆ ಗೊಬ್ಬರ ಮುಗಿದು ನೀರು ತಿಳಿಯಾದಾಗ ಸಣ್ಣಪುಟ್ಟವು ಮಾತ್ರ ಉಳೀತವೆ."

"ಇದು ಪ್ರತಿ ವರ್ಷ ಆಗೋದೇ ಅಂದ್ರೆ, ಈ ವರ್ಷ ಯಾಕಕ್ಕ ಇಷ್ಟು ಕೆಂಪು?" ಸೊಸೆ ಕೇಳಿದಳು.

"ಊರಿನ ಚರಂಡಿ ಎಲ್ಲಿಗೆ ಬಂದು ಬೀಳುತ್ತೆ ಹೇಳು? ನಿನ್ನ ಬಂಡೆ ಪಕ್ಕಕ್ಕೇ. ಋತು ಅದರ ಪಾಡಿಗೆ ಅದು ಅಡುಗೆ ಮಾಡ್ಕೊಳ್ಳುತ್ತೆ. ಸಮಿತಿ ಮೇಲಿಂದ ಚರಂಡಿ ಸುರಿದು ಹೊಟ್ಟೆಬಾಕರಿಗೆ ಎರಡನೇ ಸಲ ಬಡಿಸುತ್ತೆ."

"ಸರಿ, ವಿಷ ನೀರಲ್ಲಿದೆ. ನಾನೇನು ನೀರು ಕುಡೀತೀನಾ?" ಎಂದ ಮಾವ.

"ನೀವು ಕುಡಿಯಲ್ಲ, ಚಿಪ್ಪು ಕುಡಿಯುತ್ತೆ. ಬೆಳಗಿಂದ ಸಂಜೆವರೆಗೂ ಅದಕ್ಕೆ ನೀರು ಸೋಸೋದೇ ಕೆಲಸ. ನೀರನ್ನ ಆಚೆ ಬಿಡುತ್ತೆ, ವಿಷಾನ ಒಳಗೆ ಇಟ್ಕೊಳ್ಳುತ್ತೆ. ಅದಕ್ಕೇನೂ ಆಗಲ್ಲ. ತಿಂದೋರಿಗೆ ತುಟಿ ಜೋಮು ಹಿಡಿಯುತ್ತೆ, ನಾಲಿಗೆ ಮರಗಟ್ಟುತ್ತೆ, ಬೆರಳು ಜುಮುಜುಮು ಅನ್ನುತ್ತೆ. ಜಾಸ್ತಿಯಾದ್ರೆ ಉಸಿರೇ ನಿಲ್ಲುತ್ತೆ."

"ಚೆನ್ನಾಗಿ ಕುದಿಸ್ತೀನಿ."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಮಾವ, ಈ ವಿಷ ಸಾಯಲ್ಲ. ಹುರೀರಿ, ಸುಡಿ, ಹುಳಿ ಹಿಂಡಿ, ಫ್ರಿಜ್ಜಿಗೆ ಹಾಕಿ. ಅದು ಕ್ಯಾರೇ ಅನ್ನಲ್ಲ."

"ಸಮಿತಿ ವರದಿ ಗೋಡೆ ಮೇಲೆ ಅಂಟಿಸಿದಾರಲ್ಲ! ನೀರು ಅತ್ಯುತ್ತಮ ಅಂತ ಬರೆದಿದೆ."

ಇಲ್ಲಿ ಆ ವರದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರಿನ ಮಾದರಿ ತೆಗೆಯುವುದರಲ್ಲಿ ಸಮಿತಿ ಒಂದು ಮಾದರಿ ಸಂಸ್ಥೆ. ವರ್ಷಕ್ಕೊಮ್ಮೆ ತೆಗೆಯುತ್ತದೆ. ಮಳೆಗಾಲದಲ್ಲಿ ಸಮಿತಿಯ ದೋಣಿಯನ್ನು ದಡಕ್ಕೆಳೆದು ಟಾರ್ಪಾಲು ಹೊದಿಸುತ್ತಾರೆ. ಮಳೆ ನಿಂತ ಮೇಲೆ ಅದರ ಇಂಜಿನ್ನು ರಿಪೇರಿಗೆ ಹೋಗುತ್ತದೆ. ರಿಪೇರಿ ಮುಗಿದು ದೋಣಿ ನೀರಿಗಿಳಿಯುವ ಹೊತ್ತಿಗೆ ಕಡಲು ಕನ್ನಡಿಯಂತೆ ತಿಳಿಯಾಗಿರುತ್ತದೆ. ಆಗ ಅಧ್ಯಕ್ಷರು ಬಿಳಿ ಟೋಪಿ ಹಾಕಿಕೊಂಡು ಒಂದು ಲೋಟ ನೀರು ಮೊಗೆಯುತ್ತಾರೆ. ಫೋಟೋ ಆಗುತ್ತದೆ. ಆ ಒಂದು ಲೋಟದ ವರದಿ ವರ್ಷಪೂರ್ತಿ ಗೋಡೆಯ ಮೇಲೆ ಇರುತ್ತದೆ.

"ಭಾನುವಾರ ಶಾಲೆಗೆ ಹೋಗಿ, ಆಹಾ ಗಲಾಟೆನೇ ಇಲ್ಲ, ಎಂಥ ಶಿಸ್ತಿನ ಮಕ್ಕಳು ಅಂದ ಹಾಗಾಯ್ತು ಅದು!" ಬಾಟ್ಲಿಯಕ್ಕ ಮೇಜು ಗುದ್ದಿದಳು. ಸೂಕ್ಷ್ಮದರ್ಶಕ ನಡುಗಿತು. "ನಾನು ತೊಟ್ಟಿಯಿಂದ ಒಂದು ಹಿಡಿ ಚಿಪ್ಪು ಪ್ರಯೋಗಾಲಯಕ್ಕೆ ಒಯ್ತೀನಿ. ಫಲಿತಾಂಶ ಬರೋವರೆಗೂ ಒಂದೂ ತಿನ್ಬೇಡಿ, ಕೊಡ್ಬೇಡಿ."

ಸೊಸೆ ತಲೆಯಾಡಿಸಿದಳು. ಮಾವ ತಲೆಯಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ನೀರು ತರಲು ಹೋದಾಗ ಶಿಳ್ಳೆಮಾವ ತೊಟ್ಟಿಯಿಂದ ಚಿಪ್ಪು ಬಾಚಿ, ಪಾತ್ರೆಗೆ ಹಾಕಿ, ಗಳಗಳ ಕುದಿಸಿ ತಿಂದ. ಮೇಳಕ್ಕೆ ಮುಂಚೆ ಒಂದು ರಿಹರ್ಸಲ್ ಇರಲಿ ಎಂದು. ಬಾಯಿ ಒರೆಸಿಕೊಂಡು ಕಟ್ಟೆಗೆ ಹೋದ.

ದೋಣಿಗಳು ಮರಳುವ ಹೊತ್ತು. ಮುಂದಿನ ದೋಣಿಯಲ್ಲಿ ಅವನ ಮಗನೇ ಇದ್ದ. ದೋಣಿ ಬಂಡೆಗಳ ಬಾಯಿಗೆ ಬಂತು. ಶಿಳ್ಳೆಮಾವ ತುಟಿ ಮುಂದೆ ಮಾಡಿ ಊದಿದ.

ಪುಸ್ಸ್.

ಮತ್ತೆ ಊದಿದ. ಬರೀ ಗಾಳಿ. ತುಟಿ ತನ್ನದಲ್ಲ, ಯಾರದೋ ತುಟಿಯನ್ನು ತಂದು ಅಂಟಿಸಿದ ಹಾಗಿತ್ತು. ಬೆರಳಾದರೂ ಬಾಯಿಗಿಡೋಣ ಎಂದರೆ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು. ದೋಣಿಯಲ್ಲಿ ಮಗ ಕಿವಿ ಚುರುಕು ಮಾಡಿಕೊಂಡು ಶಿಳ್ಳೆಗೆ ಕಾಯುತ್ತಿದ್ದ. ಶಿಳ್ಳೆ ಬರಲಿಲ್ಲ ಎಂದರೆ ನೇರ ಬಾ ಎಂದೇ ಲೆಕ್ಕ. ಅವನು ನೇರ ಬಂದ. ನೇರದಲ್ಲಿ ಬಂಡೆಯಿತ್ತು.

ಅದೇ ಹೊತ್ತಿಗೆ ಸೊಸೆ ಖಾಲಿ ಪಾತ್ರೆ ನೋಡಿ, ಚಿಪ್ಪಿನ ತಗಡು ಬೋಗುಣಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಕಟ್ಟೆಗೆ ಓಡಿ ಬಂದಿದ್ದಳು. ಮಾವನ ಮುಖ ನೋಡಿದಳು, ದೋಣಿ ನೋಡಿದಳು. ಕೈಯಲ್ಲಿದ್ದ ಚಾಕುವಿನ ಹಿಡಿಯಿಂದ ಬೋಗುಣಿಗೆ ಬಡಿದಳು. ಡಬ್ ಡಬ್! ಎರಡು ಚಿಕ್ಕದು. ಬಲಕ್ಕೆ! ಡಬ್ ಡಬ್!

ಗಂಡನಿಗೆ ಅರ್ಥವಾಯಿತು. ದೋಣಿ ಬಲಕ್ಕೆ ಹೊರಳಿತು. ಒಂದು ಬದಿಯ ಹಲಗೆ ಬಂಡೆಗೆ ಕರಕರ ಉಜ್ಜಿ ಬಣ್ಣ ಕಿತ್ತುಹೋಯಿತು, ಅಷ್ಟೇ.

"ತುತಿ... ತುತಿ ಇಲ್ಲ," ಎಂದ ಶಿಳ್ಳೆಮಾವ. ನಾಲಿಗೆ ಹೊರಳುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ಬಾಟ್ಲಿಯಕ್ಕ ಓಡಿ ಬಂದಳು. "ಮಜ್ಜಿಗೆ ಬೇಡ, ಕಷಾಯ ಬೇಡ, ವಾಂತಿ ಮಾಡ್ಸೋದೂ ಬೇಡ. ಸೀದಾ ಆಸ್ಪತ್ರೆ!"

ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು ಮಲಗಿಸಿ ಉಸಿರಿನ ಮೇಲೆ ಕಣ್ಣಿಟ್ಟು ಕಾದರು. "ಈ ವಿಷಕ್ಕೆ ಎದುರು ಮದ್ದಿಲ್ಲ," ಎಂದರು ಸೊಸೆಗೆ. "ಮೈಯೇ ಅದನ್ನ ಹೊರಗೆ ಹಾಕ್ಬೇಕು. ಅಲ್ಲೀವರೆಗೂ ಉಸಿರು ನಿಲ್ಲದ ಹಾಗೆ ನಾವು ನೋಡ್ಕೋಬೇಕು. ಬೇಗ ಕರ್ಕೊಂಡು ಬಂದ್ರಿ. ಇನ್ನೊಂಚೂರು ತಿಂದಿದ್ರೆ, ಇನ್ನೊಂಚೂರು ತಡ ಮಾಡಿದ್ರೆ, ನಾನಿವತ್ತು ಬೇರೆ ಮಾತು ಆಡ್ಬೇಕಾಗಿತ್ತು."

ನಾಲಿಗೆ ತಿರುಗಿದ ಕೂಡಲೇ ಶಿಳ್ಳೆಮಾವ ಆಡಿದ ಮೊದಲ ಮಾತು, "ಹೊಸ ಟೂತ್‌ಪೇಸ್ಟ್ ಇರ್ಬೇಕು."

"ನಾಚಿಕೆ ಆಗಲ್ವಾ ಮಾವ?" ಸೊಸೆಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಮಗ ಬಂಡೆಗೆ ಹೊಡ್ಕೊಳ್ತಿದ್ರು! ದೊಡ್ಡೋರು ನೀವು, ಕಲ್ಲುಹೊಟ್ಟೆ. ನಿಮಗೇ ಹೀಗೆ. ಭಾನುವಾರ ನಿಮ್ಮ ಶಿಳ್ಳೆ ನಂಬ್ಕೊಂಡು ಆ ಮಕ್ಕಳು ತಿಂದಿದ್ರೆ?"

ಶಿಳ್ಳೆಮಾವ ಹೊದಿಕೆ ಸರಿಸಿ ಎದ್ದು ಕೂತ. ಅವನ ಶಿಳ್ಳೆ ಕೇಳಿ ಯಾವ ದೋಣಿಯೂ ಇದುವರೆಗೆ ಮುಳುಗಿರಲಿಲ್ಲ.

"ತೊಟ್ಟಿ ಖಾಲಿ ಮಾಡಮ್ಮ," ಎಂದ. "ಬೆಕ್ಕಿಗೂ ಹಾಕ್ಬೇಡ. ಹಳ್ಳ ತೋಡಿ ಹೂತುಬಿಡು."

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಮನೆಯವರಿಗೆ ಬುದ್ಧಿ ಬಂದಿತ್ತು. ಆದರೆ ಸಮಿತಿಗೆ ಮಿತಿ ಇರಲಿಲ್ಲ. ಭಾನುವಾರ ಬೆಳಿಗ್ಗೆ ದಂಡೆಯಲ್ಲಿ ಶಾಮಿಯಾನ ಎದ್ದಿತ್ತು. ಸೊಸೆ ಚಿಪ್ಪು ಕೊಡದಿದ್ದರೇನು, ಅದೇ ಬಂಡೆಗಳಿಂದ ಹೋಟೆಲಿನವರೇ ಆಳು ಬಿಟ್ಟು ಕೆತ್ತಿಸಿದ್ದರು. ಪ್ರಯೋಗಾಲಯದ ಫಲಿತಾಂಶವೂ ಬಂದಿತ್ತು: ಚಿಪ್ಪಿನಲ್ಲಿ ವಿಷವಿದೆ, ತಿನ್ನಬಾರದು. ಮಾವ, ಸೊಸೆ, ಬಾಟ್ಲಿಯಕ್ಕ ಮೂವರೂ ಅದನ್ನು ಹಿಡಿದು ಸಮಿತಿಯ ಕಚೇರಿಗೆ ನುಗ್ಗಿದರು.

ಅಧ್ಯಕ್ಷರು ಗೋಡೆಯ ಮೇಲಿನ ವರದಿ ತೋರಿಸಿದರು. "ಅತ್ಯುತ್ತಮ ಅಂತ ಇದೆಯಲ್ಲ."

"ಅದು ತಿಳಿನೀರಿನ ಕಾಲದ್ದು! ಆಗಿನ ಕಡಲೇ ಬೇರೆ, ಈಗಿನ ಕಡಲೇ ಬೇರೆ," ಎಂದಳು ಬಾಟ್ಲಿಯಕ್ಕ.

"ಕಡಲು ಒಂದೇ ಕಣಮ್ಮ. ವರ್ಷಕ್ಕೊಂದು ವರದಿ ಸಾಕು."

"ಸ್ವಾಮಿ, ನನ್ನ ಶಿಳ್ಳೆ ನಿಂತೇ ಹೋಗಿತ್ತು," ಎಂದ ಮಾವ.

"ವಯಸ್ಸಾಯ್ತಲ್ಲ, ಬಿಡಿ. ನಾನು ಪೀಪಿ ತರಿಸಿದೀನಿ." ಅಧ್ಯಕ್ಷರು ಜೇಬಿನಿಂದ ಹೊಸ ಪೀಪಿ ತೆಗೆದು ತೋರಿಸಿಯೂಬಿಟ್ಟರು.

ಸೊಸೆ ಮುಂದೆ ಬಂದಳು. "ಮೊದಲ ತಟ್ಟೆ ನಿಮ್ಮ ಮೊಮ್ಮಗನಿಗೆ ಕೊಡ್ತೀರಾ ಸರ್?"

ಅಧ್ಯಕ್ಷರು ಪೀಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅವನಿಗೆ... ಚಿಪ್ಪು ಆಗಿಬರಲ್ಲ."

ಕೇಳಿದಿರಾ? ಅವರ ಮೊಮ್ಮಗನಿಗೆ ಆಗಿಬರುವುದಿಲ್ಲ, ಊರ ಮಕ್ಕಳಿಗೆ ಆಗಿಬರುತ್ತದೆ! ಸಮಿತಿ ಮಾಡಿದ ತಪ್ಪನ್ನು ಜನ ಹೊಟ್ಟೆಗೆ ಹಾಕಿಕೊಳ್ಳಬೇಕು. ಅದೂ ಸಾಲಾಗಿ ಕೂತು, ಪೀಪಿಯ ಸದ್ದಿಗೆ.

ಆಗ ಒಳಗಿನಿಂದ ಗುಮಾಸ್ತ ಬಂದ. ಅವನಿಗೆ ಚಿಪ್ಪಿನ ಚಿಂತೆಯಿಲ್ಲ, ಮಕ್ಕಳ ಚಿಂತೆಯೂ ಇಲ್ಲ. ನಿಯಮ ಎಂದರೆ ಪ್ರಾಣ.

"ಸರ್, ಮೇಳ ನಡೆಸೋ ಹಾಗಿಲ್ಲ. ಬೆಂಚಿಗೆ ನೀಲಿ ಬಳಿದಾಗಿದೆ. ಕಡಲು ಕೆಂಪು. ಬಣ್ಣ ಹೊಂದದ ದಿನ ದಂಡೆಯಲ್ಲಿ ಸಮಾರಂಭ ಕೂಡದು ಅಂತ ನೀವೇ ಸಹಿ ಹಾಕಿದೀರಿ. ಶಾಮಿಯಾನ ಜಪ್ತಿ ಮಾಡೋಕೆ ಆಳು ಕಳಿಸಿದೀನಿ."

ಅಧ್ಯಕ್ಷರು ಎಷ್ಟೋ ಕಾಲದ ನಂತರ ಕಡಲು ನೋಡಲು ಆಚೆ ಬಂದರು. ನೋಡಿದರು. "ಹಾಗಾದ್ರೆ ಬೆಂಚಿಗೆ ಕೆಂಪು ಬಳೀರಿ!"

"ಟೆಂಡರ್ ಕರೀಬೇಕು ಸರ್."

"ನಿಯಮ ರದ್ದು ಮಾಡಿ!"

"ಸಭೆ ಸೇರಬೇಕು. ಸಭಾಂಗಣಕ್ಕೆ ಬಣ್ಣ ಹೊಡೀತಿದಾರೆ, ಇನ್ನೂ ಒಣಗಿಲ್ಲ."

"ಬೇರೆ ಎಲ್ಲಾದ್ರೂ ಮಾಡೋಣ!"

"ದಂಡೆ ದಾಟಿದ್ರೆ ನಮ್ಮ ವ್ಯಾಪ್ತಿ ಅಲ್ಲ ಸರ್."

ಶಾಮಿಯಾನ ಬಿತ್ತು. ಮಕ್ಕಳು ಮನೆಗೆ ಹೋದರು. ವ್ಯಾನು ಮತ್ತೆ ಊರೆಲ್ಲ ಸುತ್ತಿ ಕೂಗಿತು: ಬಣ್ಣದ ಹೊಂದಾಣಿಕೆಯ ಕೊರತೆಯಿಂದ ಮೇಳ ರದ್ದಾಗಿದೆ. ವಿಷ ಎಂಬ ಮಾತು ಒಂದು ಸಲವೂ ಬರಲಿಲ್ಲ.

"ಬದುಕಿದ್ವಿ ಅಕ್ಕ," ಎಂದಳು ಸೊಸೆ.

"ಬದುಕಿದ್ದು ಯಾರಿಂದ? ಡಾಕ್ಟರ ಮಾತಿಂದಲ್ಲ, ನನ್ನ ಪರೀಕ್ಷೆಯಿಂದಲ್ಲ, ಒಂದು ಡಬ್ಬ ಪೇಂಟಿಂದ!" ಬಾಟ್ಲಿಯಕ್ಕ ಫಲಿತಾಂಶದ ಕಾಗದವನ್ನು ಬೆಂಚಿನ ಮೇಲೆ ಕುಕ್ಕಿದಳು. "ವಿಷ ಯಾವಾಗ್ಲೂ ಕೆಂಪು ಬಟ್ಟೆ ಹಾಕ್ಕೊಂಡೇ ಬರಲ್ಲ ಕಣೇ. ಕೆಂಪಾದದ್ದೆಲ್ಲ ವಿಷಾನೂ ಅಲ್ಲ, ನೀಲಿ ಇದ್ದದ್ದೆಲ್ಲ ಚೊಕ್ಕಾನೂ ಅಲ್ಲ. ಪರೀಕ್ಷೆ ಮಾಡದೆ ಗೊತ್ತಾಗಲ್ಲ. ನೀಲಿ ನೀರಲ್ಲಿ ವಿಷ ಬಂದ ದಿನ ಈ ಬೆಂಚು ಏನ್ ಮಾಡುತ್ತೆ?"

ಶಿಳ್ಳೆಮಾವ ಈಗ ಕಟ್ಟೆಯ ಮೇಲೆ ಹೊಸದೊಂದು ಶಿಳ್ಳೆ ಕಲಿತಿದ್ದಾನೆ. ಚಿಪ್ಪು ಕೀಳಬಾರದ ಕಾಲದಲ್ಲಿ ಯಾರಾದರೂ ಬುಟ್ಟಿ ಹಿಡಿದು ಬಂಡೆಗೆ ಇಳಿದರೆ, ಮೂರು ಉದ್ದದ್ದು. ವಾಪಸ್ ಬಾ ಎಂದು ಅರ್ಥ.

ಅಕ್ಕಂದಿರೇ, ಅಣ್ಣಂದಿರೇ, ಕಡಲ ದಂಡೆಯಲ್ಲಿ ಬದುಕುವವರೇ, ಆ ಶಿಳ್ಳೆ ನಿಮ್ಮೂರಿಗೆ ಕೇಳಿಸದು. ಅದಕ್ಕೇ ಹೇಳುತ್ತಿದ್ದೇವೆ. ನೀರಿನ ಬಣ್ಣ ಬದಲಾದಾಗ, ಮೀನು ಸತ್ತು ತೇಲಿದಾಗ ಚಿಪ್ಪು ಕೀಳಬೇಡಿ, ಮಾರಬೇಡಿ, ತಿನ್ನಬೇಡಿ. ನೀರು ತಿಳಿಯಾದರೂ ಚಿಪ್ಪಿನೊಳಗಿನ ವಿಷ ವಾರಗಟ್ಟಲೆ ಉಳಿಯಬಹುದು. ಪರೀಕ್ಷೆಯಾಗಿ, ತಿನ್ನಬಹುದು ಎಂದು ಹೇಳುವವರೆಗೆ ಕಾಯಿರಿ. ಕುದಿಸಿದರೆ ಹೋಗುತ್ತದೆ ಎಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ತಿಂದ ಮೇಲೆ ತುಟಿ ಜೋಮು ಹಿಡಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ. ನಿಮ್ಮೂರ ನೀರನ್ನು ಯಾವ ತಿಂಗಳಲ್ಲಿ ಪರೀಕ್ಷಿಸುತ್ತಾರೆ ಎಂದು ಕೇಳಿ. ತಿಳಿನೀರಿನಲ್ಲಿ ಮಾತ್ರ ಎಂದರೆ ಜಗಳ ಮಾಡಿ. ಎಲ್ಲ ಋತುವಿನಲ್ಲೂ ಮಾಡಿ ಎಂದು ಪಟ್ಟು ಹಿಡಿಯಿರಿ. ಚರಂಡಿ ಎಲ್ಲಿ ಬೀಳುತ್ತದೆ ಎಂಬುದನ್ನೂ ಕೇಳಿ.

ಇನ್ನೊಂದು ಮಾತು. ಸಭಾಂಗಣದ ಬಣ್ಣ ಒಣಗಿದೆ. ಸಮಿತಿ ಸಭೆ ಸೇರಿ ಬೆಂಚಿನ ನಿಯಮವನ್ನು ಸರ್ವಾನುಮತದಿಂದ ರದ್ದು ಮಾಡಿದೆ. ಇನ್ನು ಮೇಲೆ ಕಡಲು ಯಾವ ಬಣ್ಣದಲ್ಲಿದ್ದರೂ ಮೇಳ ನಡೆಸಬಹುದು. ನಿಮ್ಮ ಮಕ್ಕಳನ್ನು ಕಾಯಲು ಈಗ ಬೆಂಚೂ ಇಲ್ಲ. ನೀವಿದ್ದೀರಿ.